ರಜೆಗೆ ಯಾವ ಊರು?

ಓಣಂ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಪ್ರತಿವರ್ಷ ಒಂದೇ ಮಾತು: "ಈ ಸಲ ರಜೆಗೆ ಎಲ್ಲಿಗೆ?" ಒಬ್ಬರು ಊಟಿ ಎನ್ನುತ್ತಾರೆ, ಇನ್ನೊಬ್ಬರು ಮೈಸೂರು ಎನ್ನುತ್ತಾರೆ. ಹೆಚ್ಚಿನವರು ನಾಲ್ಕು ಮನೆಯವರು ಸೇರಿ ಒಂದು ಟೆಂಪೋ ಗೊತ್ತುಮಾಡಿ, ಎರಡು ದಿನದಲ್ಲಿ ಎಂಟು ದೇವಸ್ಥಾನ, ಎರಡು ಜಲಪಾತ, ಒಂದು ಅರಮನೆ ಎಂದು ಲೆಕ್ಕ ಹಾಕಿ ಓಡಾಡಿ, ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡು, ಸುಸ್ತಾಗಿ ಮನೆ ಸೇರುತ್ತಾರೆ. ಅಷ್ಟು ಅನುಕೂಲವಿಲ್ಲದವರು ಮಂಗಳೂರಿಗೆ ಹೋಗಿ ದೊಡ್ಡ ಮಾಲುಗಳ ಎಸ್ಕಲೇಟರಿನಲ್ಲಿ ನಾಲ್ಕು ಸಲ ಹತ್ತಿ ಇಳಿದು, ಐಸ್‌ಕ್ರೀಮು ತಿಂದು, ಸಂಜೆಯ ರೈಲಿನಲ್ಲಿ ಬಂದು ಕುಂಬಳೆಯಲ್ಲಿ ಇಳಿಯುತ್ತಾರೆ. ನಾವೂ ಹೀಗೆಯೇ ಮಾಡುತ್ತಾ ಬಂದವರು. ಆದುದರಿಂದ ಯಾರನ್ನೂ ಹಂಗಿಸುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ.

2025ರ ಓಣಂ ರಜೆಯಲ್ಲಿ ಮಾತ್ರ ನಾವು ಬೇರೆ ರೀತಿ ಮಾಡಿದೆವು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಲ್ಲಿ ಐದು ದಿನ ಸುಮ್ಮನೆ ಇದ್ದು ಬಂದೆವು. ಟಿ.ಸಿ.ಎಚ್. ಕಲಿಯುವಾಗ ನಮ್ಮೊಡನೆ ಒಂದೇ ಕೋಣೆಯಲ್ಲಿದ್ದ ಗೆಳೆಯರೊಬ್ಬರು ಅಲ್ಲಿಯ ಸಮೀಪದ ಸರಕಾರಿ ಶಾಲೆಯಲ್ಲಿ ಅಧ್ಯಾಪಕರು. ಇಪ್ಪತ್ತು ವರ್ಷಗಳಿಂದ "ಬಾ ಮಾರಾಯ, ಮಕ್ಕಳನ್ನು ಕರಕೊಂಡು ಬಾ" ಎಂದು ಕರೆಯುತ್ತಲೇ ಇದ್ದರು. ನಾವು "ನೋಡುವ" ಎನ್ನುತ್ತಲೇ ಇದ್ದೆವು. ಈ ಸಲ ಹೊರಡಿಸಿದ್ದು ಗೆಳೆಯನ ಒತ್ತಾಯವಲ್ಲ, ಮಗಳ ಒಂದು ಪ್ರಶ್ನೆ.

ಮಗಳು ಎಂಟನೆಯ ತರಗತಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿದ್ದಾಳೆ. ಜುಲೈ ತಿಂಗಳ ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪ, ಬರುವ ವರ್ಷ ನಾನು ಇಂಗ್ಲಿಷ್ ಡಿವಿಜನ್ನಿಗೆ ಹೋಗ್ತೇನೆ. ಕನ್ನಡದಲ್ಲಿ ಕಲ್ತು ಎಂತ ಮಾಡ್ಲಿಕ್ಕುಂಟು?" ಎಂದು ಕೇಳಿದಳು. ಸಿಟ್ಟಿನಿಂದ ಕೇಳಿದ್ದಲ್ಲ, ಪೇಟೆಯಲ್ಲಿ ಒಂದು ವಸ್ತುವಿನ ಕ್ರಯ ವಿಚಾರಿಸುವ ಹಾಗೆ ಕೇಳಿದಳು. ಕನ್ನಡ ಮಾಧ್ಯಮದಿಂದಲೇ ಅನ್ನ ತಿನ್ನುವ ನಮಗೆ, ವೇದಿಕೆಗಳಲ್ಲಿ ಈ ವಿಷಯವಾಗಿ ಅರ್ಧ ಗಂಟೆ ನಿಲ್ಲದೆ ಮಾತಾಡಬಲ್ಲ ನಮಗೆ, ಅಂದು ಒಂದು ವಾಕ್ಯದ ಉತ್ತರವೂ ಹೊಳೆಯಲಿಲ್ಲ. "ಮೊದಲು ಉಣ್ಣು" ಎಂದೆವು.

ಆಲೋಚಿಸಿದಾಗ ತೋಚಿದ್ದಿಷ್ಟು. ಈ ಹುಡುಗಿ ಕನ್ನಡವನ್ನು ಕಂಡದ್ದು ಎಲ್ಲಿ? ಮನೆಯಲ್ಲಿ ಮತ್ತು ಶಾಲೆಯಲ್ಲಿ. ಮನೆಯ ಗೇಟು ದಾಟಿ ಮೊಗ್ರಾಲಿನ ಹೆದ್ದಾರಿಗೆ ಬಂದರೆ ಅವಳ ನಾಲಗೆ ತಾನಾಗಿ ಮಲಯಾಳಕ್ಕೆ ತಿರುಗುತ್ತದೆ. ನೆರೆಮನೆಯ ಅಂಗಳದಲ್ಲಿ ತುಳುವಿಗೆ ತಿರುಗುತ್ತದೆ. ಇದರಲ್ಲಿ ದುಃಖಪಡುವಂತಹುದೇನೂ ಇಲ್ಲ. ಸಪ್ತಭಾಷೆಗಳ ನಾಡೆಂದು ಭಾಷಣಗಳಲ್ಲಿ ನಾವು ಹೆಮ್ಮೆಪಡುವುದು ಇದಕ್ಕೇ ಅಲ್ಲವೇ? ಮೊಗ್ರಾಲೆಂದರೆ ಮಾಪ್ಪಿಳ್ಳೆ ಹಾಡುಗಳ ಕವಿಗಳು ಬಾಳಿದ ಊರು, ಕಾಲ್ಚೆಂಡಿನ ಊರು. ಆ ಭಾಷೆಯ ಸೊಗಸು ನಮ್ಮ ಮಕ್ಕಳಿಗೂ ಸೇರಿದ್ದು. ಆದರೆ ಕನ್ನಡ ಎಂಬುದು ಅವಳ ಪಾಲಿಗೆ ಒಂದು ಪಠ್ಯವಿಷಯವಾಗಿ, ಒಂದು ಹಕ್ಕಾಗಿ, ಒಂದು ಮನವಿಪತ್ರವಾಗಿ ಮಾತ್ರ ಉಳಿದಿತ್ತು. ಹುಟ್ಟಿದಂದಿನಿಂದ ಅವಳು ಕೇಳಿದ್ದು ಕನ್ನಡ "ಉಳಿಸಬೇಕು" ಎಂದು. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾಯಿದೆ ಬಂದಾಗ ನಡೆದ ಪ್ರತಿಭಟನೆಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿದ್ದೆವು. ಕನ್ನಡವನ್ನು ಯಾರೂ ಉಳಿಸದೆ, ಯಾರೂ ಬೇಡದೆ, ಅದರ ಪಾಡಿಗೆ ಅದು ನಡೆದುಕೊಂಡು ಹೋಗುವ ಒಂದು ಊರನ್ನು ಆಕೆ ಕಂಡಿರಲೇ ಇಲ್ಲ. ಮೈಸೂರನ್ನು ಕಂಡಿದ್ದಾಳೆ, ಬೆಂಗಳೂರನ್ನು ಕಂಡಿದ್ದಾಳೆ. ಅಲ್ಲಿ ಕಂಡದ್ದು ಅರಮನೆ, ಮೃಗಾಲಯ ಮತ್ತು ಇಂಗ್ಲಿಷಿನಲ್ಲಿ ಮಾತಾಡಿಸುವ ಅಂಗಡಿಯವರನ್ನು.

ಹಾಗೆ ನಾವು ನಾಲ್ವರು ಹೊರಟೆವು. ಸಾಗರಕ್ಕೆ ಹೋಗುವುದೆಂದಾಗ ನಾಲ್ಕನೆಯ ತರಗತಿಯ ಮಗ, "ಇಲ್ಲಿಯೇ ಉಂಟಲ್ಲ ಸಾಗರ, ಅಲ್ಲಿಗೆ ಯಾಕೆ?" ಎಂದು ಕಡಲಿನ ಕಡೆಗೆ ಕೈತೋರಿಸಿದ. ಕಡಲಿಲ್ಲದ ಸಾಗರವೆಂದು ತಿಳಿದಾಗ ಅವನಿಗೆ ದೊಡ್ಡ ಮೋಸವೇ ಆದಂತಾಯಿತು.

ಮಂಗಳೂರಿನಿಂದ ಬಸ್ಸು ಹಿಡಿದು ಮೊದಲು ಕೊಲ್ಲೂರಿಗೆ ಹೋದೆವು. ಮೂಕಾಂಬಿಕೆಯ ಆ ಪೇಟೆಯಲ್ಲಿ ಊಟದ ಹೋಟೆಲು, ವಸತಿಗೃಹ, ಹಣ್ಣುಕಾಯಿ ಅಂಗಡಿ, ಎಲ್ಲೆಲ್ಲಿಯೂ ಕನ್ನಡದೊಂದಿಗೆ ಮಲಯಾಳದ ಬೋರ್ಡುಗಳು. ಮಗಳು ನಿಂತು ನೋಡಿ, "ಅಪ್ಪ, ಇದು ಕರ್ನಾಟಕವಾ?" ಎಂದಳು. ಓದುಗರು ಈ ಬೋರ್ಡುಗಳನ್ನು ನೋಡಿಯೇ ಇರುತ್ತೀರಿ. ಅವುಗಳಿಗಾಗಿ ಯಾರೂ ಧರಣಿ ಕುಳಿತಿಲ್ಲ, ಯಾವ ಸರಕಾರದ ಆಜ್ಞೆಯೂ ಹೊರಟಿಲ್ಲ. ಕೇರಳದಿಂದ ಭಕ್ತರು ಸಾವಿರಗಟ್ಟಲೆ ಬರುತ್ತಾರೆ, ತಮ್ಮ ಭಾಷೆಯಲ್ಲಿಯೇ ಕೇಳುತ್ತಾರೆ, ವ್ಯಾಪಾರಿ ಅದನ್ನು ಕಲಿಯುತ್ತಾನೆ, ಬರೆಯಿಸುತ್ತಾನೆ. ಕಾಸರಗೋಡು ಪೇಟೆಯಲ್ಲಿ ಕನ್ನಡದ ಬೋರ್ಡು ಕಡಿಮೆಯಾಯಿತೆಂದು ಪತ್ರಿಕೆಗೆ ಬರೆಯುವ ನಾವು ಅದೇ ಪೇಟೆಯಲ್ಲಿ ಅಕ್ಕಿಯನ್ನೂ ಬಟ್ಟೆಯನ್ನೂ ಯಾವ ಭಾಷೆಯಲ್ಲಿ ಕೇಳುತ್ತೇವೆ? ಕನ್ನಡ ಬಲ್ಲ ಅಂಗಡಿಯವನೊಡನೆಯೂ ಮಲಯಾಳದಲ್ಲಿ ಮಾತು ಆರಂಭಿಸುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಸರಕಾರದ ತಪ್ಪು ಸರಕಾರಕ್ಕಿರಲಿ. ಈ ತಪ್ಪು ನಮ್ಮದು.

ಕೊಲ್ಲೂರಿನಿಂದ ಘಟ್ಟ ಹತ್ತಿ ಶರಾವತಿಯ ಹಿನ್ನೀರನ್ನು ದಾಟಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ತುಮರಿಯ ಕಡೆಯ ಹಳ್ಳಿಗಳು ದ್ವೀಪದಂತಾಗಿ, ದಶಕಗಳ ಕಾಲ ಅಲ್ಲಿಯವರು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು ಕುಳಿತು ಆಸ್ಪತ್ರೆಗೂ ಕಾಲೇಜಿಗೂ ಹೋಗಿಬರುತ್ತಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಸೇತುವೆ ತೆರೆಯಿತು. ಸೇತುವೆಯ ಮೇಲೆ ಬಸ್ಸು ಸಾಗುವಾಗ ಪಕ್ಕದ ಆಸನದ ಹಿರಿಯರೊಬ್ಬರು ನೀರಿನ ಕಡೆಗೆ ಬೆರಳು ಮಾಡಿ, "ನಮ್ಮ ಅಪ್ಪನ ಮನೆ ಅಲ್ಲೆಲ್ಲೋ ಅಡಿಗಿದೆ" ಎಂದರು. ಮುಳುಗಡೆಯವರು. ನಾಡಿಗೆಲ್ಲ ಬೆಳಕು ಕೊಡಲು ತಮ್ಮ ಮನೆಯ ದೀಪ ಆರಿಸಿಕೊಂಡವರು. ನಮ್ಮ ಊರು ಯಾವುದೆಂದು ಕೇಳಿದರು. ಕಾಸರಗೋಡು ಎಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನೀವೂ ಒಂದು ಬಗೆಯ ಮುಳುಗಡೆಯವರೇ" ಎಂದರು. ನಮಗೆ ಆ ಮಾತು ಒಪ್ಪಿಗೆಯಾಗಲಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡದಿಂದ ಕೇರಳಕ್ಕೆ ಸೇರಿದರು ನಿಜ. ಚಂದ್ರಗಿರಿಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದೂ ನಿಜ, ಅದು ಕಾಗದದಲ್ಲಿಯೇ ಉಳಿದದ್ದೂ ನಿಜ. ಆದರೆ ನಮ್ಮ ಮನೆಗಳ ಮೇಲೆ ನೀರು ನಿಂತಿಲ್ಲ. ನಾವು ಇನ್ನೂ ಅದೇ ಅಂಗಳದಲ್ಲಿ ಇದ್ದೇವೆ. ಇದನ್ನೆಲ್ಲ ಬಸ್ಸಿನಲ್ಲಿ ಹೇಳುವುದು ಹೇಗೆ? ಅಷ್ಟರಲ್ಲಿ ಅವರು ಇಳಿಯುವ ಜಾಗವೂ ಬಂತು.

ಸಾಗರ ದೊಡ್ಡ ಊರಲ್ಲ. ತಾಲೂಕು ಕೇಂದ್ರ, ಸುತ್ತ ಅಡಿಕೆ ತೋಟಗಳು, ನಡುವೆ ಒಂದು ಗಣಪತಿ ಕೆರೆ, ಒಂದು ಮಾರಿಕಾಂಬೆಯ ಗುಡಿ, ಗಂಧದ ಕೆತ್ತನೆಯ ಗುಡಿಗಾರರು, ಮಳೆಗೆ ಪಾಚಿ ಹಿಡಿದ ಹೆಂಚಿನ ಮಾಡುಗಳು. ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಯಿಂದ ಊರಿಗೆ ಸದಾಶಿವಸಾಗರವೆಂದು ಹೆಸರಾಗಿ, ಬರಿಯ ಸಾಗರವಾಗಿ ಉಳಿಯಿತು ಎನ್ನುತ್ತಾರೆ. ನಾವು ಹೋದಾಗ ಚೌತಿ ಕಳೆದು ಕೆಲವೇ ದಿನವಾಗಿತ್ತು. ಒಂದೊಂದು ಬೀದಿಯ ಗಣಪತಿ ಒಂದೊಂದು ಸಂಜೆ ಡೊಳ್ಳಿನೊಂದಿಗೆ ಹೊರಡುತ್ತಿತ್ತು. ನೋಡಲೇಬೇಕಾದುದು ಎಂದು ಪಟ್ಟಿಮಾಡುವಂತಹುದು ಪೇಟೆಯೊಳಗೆ ಹೆಚ್ಚೇನೂ ಇಲ್ಲ. ಇಂತಹ ಊರೇ ನಮಗೆ ಬೇಕಾಗಿತ್ತು.

ಮೊದಲನೆಯ ದಿನ ಮಗಳು ಕಂಡ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದಿದಳು. ಹಾಲಿನ ಡೈರಿ, ಪಶು ಆಸ್ಪತ್ರೆ, ನೋಟರಿ ವಕೀಲರು, ಕೊಳವೆಬಾವಿ ತೋಡುವವರು, ಹಲ್ಲಿನ ಡಾಕ್ಟರು, ಬಸ್ಸಿನ ಹಣೆಬರಹ. ಹಳೆಯ ಗೆಳೆಯರನ್ನು ಹೆಸರು ಹಿಡಿದು ಕರೆಯುವಂತಿತ್ತು ಅವಳ ಓದು. ತಮ್ಮನಿಗೂ ಅವಳಿಗೂ ಕನ್ನಡ ಇಲ್ಲದ ಬೋರ್ಡು ಯಾರು ಮೊದಲು ಹುಡುಕುವುದೆಂದು ಪಂದ್ಯ ಬೇರೆ. (ಮೊಬೈಲಿನ ಅಂಗಡಿಯೊಂದು ಸಿಕ್ಕಿತು, ತಮ್ಮ ಗೆದ್ದ.) ಎರಡನೆಯ ದಿನವೂ ಸ್ವಲ್ಪ ಓದಿದಳು. ಮೂರನೆಯ ದಿನ ಅದೇ ರಸ್ತೆಯಲ್ಲಿ ನಡೆಯುವಾಗ ಅವಳು ಓದಲಿಲ್ಲ. ಗೆಳೆಯನ ಮಗನೊಡನೆ ಏನೋ ಹರಟುತ್ತಾ ಬೋರ್ಡುಗಳ ಕೆಳಗಿನಿಂದ ತಲೆಯೆತ್ತದೆ ಹೋದಳು. ನಾವು ಮತ್ತು ನಮ್ಮ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಐದು ದಿನದ ಖರ್ಚು ಅಲ್ಲಿಗೇ ಸಂದಾಯವಾಯಿತು.

ಅಂಚೆ ಕಛೇರಿಯಲ್ಲಿ ಇನ್ನೊಂದು ನಡೆಯಿತು. ಊರಿನಲ್ಲಿದ್ದ ಅಜ್ಜಿಗೆ ಅವಳು ಒಂದು ಕಾಗದ ಬರೆದು ಕನ್ನಡದಲ್ಲಿ ವಿಳಾಸ ಹಾಕಿದ್ದಳು. ಕೌಂಟರಿನ ಗುಮಾಸ್ತರು ನೋಡಿ, "ಕೇರಳಕ್ಕಲ್ವಾ ಮಗಾ, ಇಂಗ್ಲಿಷಲ್ಲೂ ಬರ್ದುಬಿಡು" ಎಂದರು. ಸದುದ್ದೇಶದಿಂದಲೇ ಹೇಳಿದ್ದು. ಇವಳು, "ಬೇಡ ಸರ್, ನಮ್ಮ ಪೋಸ್ಟುಮ್ಯಾನಿಗೆ ಕನ್ನಡ ಬರ್ತದೆ" ಎಂದಳು. ಪಿನ್ ಕೋಡು ಮಾತ್ರ ಎರಡು ಸಲ ದೊಡ್ಡದಾಗಿ ಬರೆದಳು. ಕಾಗದ ನಾವು ಮನೆಗೆ ಮರಳಿದ ಮರುದಿನ ತಲಪಿತು. ಅಜ್ಜಿ ಅದನ್ನು ಎದುರಿಗೇ ಕುಳಿತಿದ್ದ ಮೊಮ್ಮಗಳಿಗೆ ಓದಿ ಹೇಳಿದರು.

ಎಲ್ಲವೂ ಜೇನು ಸುರಿದಂತಿತ್ತೆಂದು ಹೇಳಿದರೆ ಸುಳ್ಳಾದೀತು. ಬಸ್‌ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದಾಗ ಮಾಲಕರು ನಮ್ಮ ಊರು ಕೇಳಿದರು. ಹೇಳಿದೆವು. "ಓಹೋ, ಕೇರಳದವರು! ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!" ಎಂದು ಮೆಚ್ಚಿಕೊಂಡರು. ಆ ಮೆಚ್ಚುಗೆಯ ಪೆಟ್ಟು ಎಂತಹುದೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಬದಿಯಡ್ಕ ಇರುವ ಕಡೆಯಿಂದ ಬಂದವರು ಕನ್ನಡ "ಕಲಿತವರು" ಆದೆವಲ್ಲ! ನಮ್ಮ ಮನೆಯವರು ನಗುತ್ತಲೇ, "ಕಲಿತದ್ದಲ್ಲ, ಹುಟ್ಟಿದ್ದೇ ಇದರಲ್ಲಿ" ಎಂದರು. ಮಾಲಕರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ, "ಓ, ಆ ಸಿನಿಮಾದ ಕಾಸರಗೋಡಾ? ಸರಕಾರಿ ಶಾಲೆಯದ್ದು?" ಎಂದರು. 2018ರಲ್ಲಿ ರಿಷಬ್ ಶೆಟ್ಟಿಯವರು ತೆಗೆದ ಆ ಚಿತ್ರದಿಂದಾಗಿ ಘಟ್ಟದ ಮೇಲಿನವರಿಗೆ ನಾವು ಅಷ್ಟಾದರೂ ಗುರುತು ಸಿಗುತ್ತೇವೆ. ಮತ್ತೆ ಅರ್ಧ ಗಂಟೆ ಅವರು ಕುರ್ಚಿ ಎಳೆದು ಕುಳಿತು ನಮ್ಮ ಶಾಲೆಗಳ ಬಗ್ಗೆ ಕೇಳಿದರು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕುತ್ತಾರೆಂಬುದನ್ನು ಅವರು ನಂಬಲೇ ಇಲ್ಲ. "ಅದು ಹೇಗೆ ಪಾಠ ಮಾಡ್ತಾರೆ?" ಎಂದು ಮೂರು ಸಲ ಕೇಳಿದರು. ನಾವೂ ಅದನ್ನೇ ಕೇಳುತ್ತಿರುವುದು ಎಂದೆವು. ಪರಿಚಯವಿಲ್ಲದವರ ಮೇಲೆ ಮುನಿಸಿಕೊಂಡು ಫಲವೇನು? ಅವರಿಗೆ ನಮ್ಮನ್ನು ತಿಳಿಯದಿರುವುದಕ್ಕೆ ನಾವು ಅವರ ಊರಿಗೆ ಹೋಗದಿರುವುದೂ ಕಾರಣವಲ್ಲವೇ?

ಭಾಷೆಯ ಸಣ್ಣ ಸಣ್ಣ ಮೋಜುಗಳನ್ನು ಮಕ್ಕಳು ತಾವಾಗಿಯೇ ಹೆಕ್ಕಿಕೊಂಡರು. ಮೈಸೂರಿನಲ್ಲಿ "ಎಂತ" ಎಂದರೆ ನಗುತ್ತಿದ್ದರು. ಸಾಗರದಲ್ಲಿ ಎಲ್ಲರೂ "ಎಂತ" ಎನ್ನುವವರೇ, "ಮಾರಾಯ" ಎನ್ನುವವರೇ. "ಬಸ್ಸು ಉಂಟಾ?" ಎಂದು ಮಗ ಕೇಳಿದಾಗ ಮಾತ್ರ ಒಬ್ಬ ಅಜ್ಜ, "ಉಂಟು ಅಂತ ಈಗಲೂ ಮಾತಾಡೋರು ಇದ್ದೀರಲ್ಲ!" ಎಂದು ಖುಷಿಪಟ್ಟರು. ನಮ್ಮ ಕಣಿಲೆ ಅಲ್ಲಿ ಕಳಲೆ. ಅಪ್ಪೆಮಿಡಿಯ ಉಪ್ಪಿನಕಾಯಿಯನ್ನೂ ಪಂಚೆಯಂತೆ ತೆಳ್ಳಗಿನ ತೊಡೆದೇವನ್ನೂ ತಿಂದ ಮೇಲೆ ಕಡಲಿಲ್ಲದ ಸಾಗರದ ಮೇಲಿನ ಮಗನ ಸಿಟ್ಟು ಇಳಿಯಿತು. ಇಂಬಳ ಕಚ್ಚಿ ರಕ್ತ ಬಂದಾಗ ಸ್ವಲ್ಪ ಏರಿತು.

ದೊಡ್ಡವರಿಗೆ ಅಡಿಕೆಯೇ ಮಾತು. ನಮ್ಮಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಂದೂವರೆ ತಿಂಗಳು ಬಿಸಿಲಿಗೆ ಹಾಕಿ ಚಾಲಿ ಮಾಡುತ್ತೇವೆ. ಅವರು ಎಳತಿರುವಾಗಲೇ ಕೊಯ್ದು ಸುಲಿದು, ಚೊಗರಿನಲ್ಲಿ ಬೇಯಿಸಿ ಕೆಂಪು ಮಾಡುತ್ತಾರೆ. ನಾವು ಕೊಳೆರೋಗಕ್ಕೆ ಮೈಲುತುತ್ತಿನ ಮದ್ದು ಬಿಡುತ್ತೇವೆ. ಅಲ್ಲಿಯೂ ಅದೇ, ಹಿಂದೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರಂತೆ. ತೋಟದ ಬದುವಿನಲ್ಲಿ ನಿಂತು ಎಲೆಚುಕ್ಕಿ ರೋಗದ ಬಗ್ಗೆ ಮಾತಾಡುತ್ತಿದ್ದ ಇಬ್ಬರಲ್ಲಿ ಯಾರು ಕೇರಳದವರು, ಯಾರು ಕರ್ನಾಟಕದವರು ಎಂದು ಅಡಿಕೆಮರಕ್ಕೆ ತಿಳಿಯುವಂತಿರಲಿಲ್ಲ. ಎರಡೂ ರಾಜ್ಯಗಳ ಬೆಳೆಗಾರರು ಸೇರಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದಾಗ ಗಡಿ ಅಡ್ಡ ಬರಲಿಲ್ಲವಲ್ಲ.

ಒಂದು ಬೆಳಗ್ಗೆ ಇಕ್ಕೇರಿಗೂ ಕೆಳದಿಗೂ ಹೋದೆವು. ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿ ಗರ್ಭಗುಡಿಯ ಎದುರು ನೆಲದ ಕಲ್ಲಿನಲ್ಲಿ ಉದ್ದಂಡ ನಮಸ್ಕಾರ ಮಾಡುವ ನಾಯಕರ ಆಕೃತಿಗಳನ್ನು ಕೆತ್ತಿದ್ದಾರೆ. ಅರಸನೊಬ್ಬ ತನ್ನ ರೂಪವನ್ನು ಭಕ್ತರ ಕಾಲ ಬುಡದಲ್ಲಿ ಕೆತ್ತಿಸಿಕೊಂಡದ್ದನ್ನು ಕಂಡು ಮಗಳು ಅದನ್ನು ಮೆಟ್ಟದೆ ಸುತ್ತುಬಳಸಿ ನಡೆದಳು. ಕೆಳದಿಯ ದೇವಾಲಯದ ಮಾಡಿನ ಕಲ್ಲಿನಲ್ಲಿ ಗಂಡಭೇರುಂಡ. ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳು, ತಾಮ್ರಪಟಗಳು. ಇತಿಹಾಸ ವಿದ್ವಾಂಸ ಕೆಳದಿ ಗುಂಡಾ ಜೋಯಿಸರು ಮನೆಮನೆ ಅಲೆದು ಕೂಡಿಸಿದ ಸಂಪತ್ತು. ಅಲ್ಲಿ ಶಿವಪ್ಪ ನಾಯಕನ ವಿಷಯ ಹೇಳುವಾಗ ಗೆಳೆಯರು "ಇವನೇ ನಿಮ್ಮ ಬೇಕಲ ಕೋಟೆ ಕಟ್ಟಿದವನು" ಎಂದರು. ಮಗಳಿಗೆ ಆಶ್ಚರ್ಯ. ಬೇಕಲಕ್ಕೆ ಅವಳು ಆರೇಳು ಸಲ ಹೋಗಿದ್ದಾಳೆ. ಬೇಕಲವೆಂದರೆ 1995ರ 'ಬಾಂಬೆ' ಚಿತ್ರದ ಹಾಡು ತೆಗೆದ ಜಾಗ, ಫೋಟೋ ಹಿಡಿಯುವ ಬುರುಜು ಎಂದಷ್ಟೇ ಅವಳಿಗೆ ಗೊತ್ತಿತ್ತು. ಹದಿನೇಳನೆಯ ಶತಮಾನದ ನಡುವಿನಲ್ಲಿ ಕೆಳದಿಯ ನಾಯಕರು ಘಟ್ಟ ಇಳಿದು ಚಂದ್ರಗಿರಿ, ಬೇಕಲಗಳಲ್ಲಿ ಕೋಟೆ ಕಟ್ಟಿದರು. ಅವುಗಳ ಕಾವಲಿಗೆ ಬಂದ ಮನೆತನಗಳವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಕೋಟೆ ನಮ್ಮಲ್ಲಿ, ಅದನ್ನು ಕಟ್ಟಿದವನ ಮನೆ ಇಲ್ಲಿ! ಎಂಟು ವರ್ಷ ಸಮಾಜ ವಿಜ್ಞಾನ ಓದಿದರೂ ಈ ಎರಡು ತುದಿಗಳನ್ನು ಗಂಟುಹಾಕಿ ಹೇಳಿದವರು ಯಾರೂ ಇರಲಿಲ್ಲ. ಅಧ್ಯಾಪಕರಾದ ನಾವೂ ಹೇಳಿರಲಿಲ್ಲ.

ಇನ್ನೊಂದು ನಾಚಿಕೆಯನ್ನೂ ಒಪ್ಪಿಕೊಳ್ಳಬೇಕು. ಹೆಗ್ಗೋಡಿನ ನೀನಾಸಂ ನೋಡಲು ಹೋಗಿದ್ದೆವು. 1949ರಲ್ಲಿ ಹಳ್ಳಿಯ ಕೆಲವರು ಕಟ್ಟಿದ ನಾಟಕ ಸಂಘ. ಅದನ್ನು ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅಡಿಕೆ ತೋಟದ ನಡುವೆ ಅಂತಹ ರಂಗಮಂದಿರ, ಅದಕ್ಕೆ ನಮ್ಮ ಕರಾವಳಿಯ ಶಿವರಾಮ ಕಾರಂತರ ಹೆಸರು. ನಾವು ಬೆರಗಾಗಿ ನೋಡುತ್ತಿದ್ದಾಗ ಗೆಳೆಯರ ಪತ್ನಿ ಮಗಳೊಡನೆ, "ನಿಮ್ಮ ಕುಂಬಳೆಯವನಲ್ವೇನೆ ಪಾರ್ತಿಸುಬ್ಬ, ಯಕ್ಷಗಾನದ ಕವಿ? ಅವನ ಮನೆ ಇದ್ದ ಜಾಗ ನೋಡಿದೀಯಾ?" ಎಂದು ಕೇಳ್ದರು. ಮಗಳು ನಮ್ಮ ಮುಖ ನೋಡಿದಳು. ಮೊಗ್ರಾಲಿನಿಂದ ಕುಂಬಳೆಗೆ ಬಸ್ಸಿನಲ್ಲಿ ಹತ್ತು ನಿಮಿಷ. ಕಣಿಪುರದ ಗೋಪಾಲಕೃಷ್ಣ ದೇವಸ್ಥಾನಕ್ಕೆ ಹೋಗಿ ಪ್ರಸಾದ ತೆಗೆದುಕೊಂಡು ಬರುತ್ತೇವೆಯೇ ಹೊರತು ಆ ಹೆಸರನ್ನು ಅಲ್ಲಿ ಒಮ್ಮೆಯೂ ಅವಳಿಗೆ ಹೇಳಿರಲಿಲ್ಲ.

ಜೋಗವನ್ನು ನೋಡದೆ ಬಂದೆವೆಂದು ಯಾರೂ ಭಾವಿಸಬಾರದು, ನೋಡಿದೆವು. ಮಂಜು ಸರಿದು ಎರಡು ನಿಮಿಷ ನಾಲ್ಕೂ ಧಾರೆಗಳು ಕಂಡವು, ಮತ್ತೆ ಮುಚ್ಚಿಕೊಂಡಿತು. ಅದನ್ನು ವರ್ಣಿಸುವ ಶಕ್ತಿ ನಮಗಿಲ್ಲ.

ಓಣಂ ರಜೆಯಲ್ಲಿ ಹೋಗುವುದರಿಂದ ಒಂದು ವಿಶೇಷ ಲಾಭವಿದೆ. ಆಗ ಕರ್ನಾಟಕದ ಶಾಲೆಗಳು ನಡೆಯುತ್ತಿರುತ್ತವೆ. ಗೆಳೆಯರು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಮ್ಮ ಮಗಳನ್ನು ಒಂದು ದಿನ ತಮ್ಮ ಎಂಟನೆಯ ತರಗತಿಯಲ್ಲಿ ಕೂರಿಸಿದರು. ಕನ್ನಡ ಅಧ್ಯಾಪಕಿ ಅವಳನ್ನು ಎಬ್ಬಿಸಿ ನಿಮ್ಮ ಊರಿನ ಬಗ್ಗೆ ಹೇಳು ಎಂದರು. ಮನೆಯಲ್ಲಿ ಕನ್ನಡ, ನೆರೆಯಲ್ಲಿ ತುಳು, ರಸ್ತೆಯಲ್ಲಿ ಮಲಯಾಳ, ಶಾಲೆಯಲ್ಲಿ ಹಿಂದಿ ಇಂಗ್ಲಿಷು ಎಂದು ಅವಳು ಬೆರಳು ಮಡಚಿದಾಗ ತರಗತಿಯೇ ಹೋ ಎಂದಿತಂತೆ. "ಐದು ಭಾಷೆಯಾ!" ಮಲಯಾಳ ಮಾತಾಡಿ ತೋರಿಸೆಂದು ದುಂಬಾಲು ಬಿದ್ದರಂತೆ. ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಂಗತಿಗೆ ಅಲ್ಲಿ ಅವಳು ರಾಣಿಯಾದಳು. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದನಂತೆ: "ಕೇರಳದಲ್ಲಿದ್ದು ಕನ್ನಡ ಶಾಲೆಗೆ ಯಾಕೆ ಹೋಗ್ತೀ? ನಮ್ಮ ಅಣ್ಣ ಇಲ್ಲೇ ಇಂಗ್ಲಿಷ್ ಮೀಡಿಯಂ." ನೀನೇನು ಹೇಳಿದೆ ಎಂದು ನಾವು ಕೇಳಿದೆವು. "ಅಪ್ಪ ಮಾಷ್ಟ್ರು, ಅದಕ್ಕೆ ಅಂತ ಹೇಳಿದೆ" ಎಂದಳು.

ಆ ಉತ್ತರ ನಮಗೆ ಎರಡು ದಿನ ಚುಚ್ಚಿತು. ಆದರೆ ಹುಡುಗ ಹೇಳಿದ್ದು ಸುಳ್ಳಲ್ಲ. ಬೆಳಗ್ಗೆ ಎಂಟೂವರೆಗೆ ಸಾಗರದ ರಸ್ತೆಗಳಲ್ಲಿಯೂ ಹಳದಿ ವ್ಯಾನುಗಳು ಟೈ ಕಟ್ಟಿದ ಮಕ್ಕಳನ್ನು ತುಂಬಿಕೊಂಡು ಓಡುತ್ತವೆ. ಗೆಳೆಯರ ಶಾಲೆಯಲ್ಲಿಯೂ ಮಕ್ಕಳ ಸಂಖ್ಯೆ ಇಳಿಯುತ್ತಿದೆ. "ಇಲ್ಲಿಯೇ ಹೀಗಿರುವಾಗ ನಿಮ್ಮ ಹಟ ಯಾತಕ್ಕೆ?" ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೆ. ಸಾಗರದ ಮಗು ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಕನ್ನಡ ಅದನ್ನು ಹಿಂಬಾಲಿಸುತ್ತದೆ. ಅಂಗಡಿಯ ಬೋರ್ಡಿನಲ್ಲಿ, ಅಪ್ಪನ ಪಹಣಿಯಲ್ಲಿ, ಗಣಪತಿಯ ಮೆರವಣಿಗೆಯ ಮೈಕಿನಲ್ಲಿ. ನಮ್ಮ ಮಗು ಐದನೆಯ ವಯಸ್ಸಿಗೆ ಕನ್ನಡ ಶಾಲೆ ಬಿಟ್ಟರೆ ಅಕ್ಷರವೇ ಆ ಮನೆಯಿಂದ ಹೊರಟುಹೋಗುತ್ತದೆ. ಮಾತು ಇನ್ನೊಂದು ತಲೆಮಾರು ಅಡುಗೆಮನೆಯಲ್ಲಿ ಉಳಿದೀತು. ಅಜ್ಜಿಯ ಕಾಗದ ಓದುವವರು ಇರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ನಮ್ಮ ಬಲ. ಆದರೆ ಯಾವ ವಿಧಿಯೂ ಒಂದು ಮಗುವಿಗೆ ಆ ಭಾಷೆಯ ಮೇಲೆ ಆಸೆ ಹುಟ್ಟಿಸಲಾರದು. ಅದಕ್ಕೆ ಒಂದು ಊರು ಬೇಕು, ಊರಿನಲ್ಲಿ ಒಂದು ಮನೆ ಬೇಕು, ಮನೆಯಲ್ಲಿ ಜಗಳವಾಡಲು ಸಮವಯಸ್ಸಿನ ಒಬ್ಬ ಹುಡುಗ ಬೇಕು.

ಆದುದರಿಂದ ನಮ್ಮ ಸಮಾಜದ ಮುಂದೆ ಒಂದೆರಡು ಮಾತು ಇಡುತ್ತೇವೆ. ಟೆಂಪೋ ಪ್ರವಾಸಕ್ಕೆ ಮಾಡುವ ಖರ್ಚಿನಲ್ಲಿಯೇ ಒಂದು ಊರಿನಲ್ಲಿ ನಾಲ್ಕೈದು ದಿನ ಇರಬಹುದು. ಸಾಗರವೇ ಆಗಬೇಕೆಂದಿಲ್ಲ, ಶಿರಸಿಯಾಗಲಿ, ತೀರ್ಥಹಳ್ಳಿಯಾಗಲಿ, ಮಡಿಕೇರಿಯಾಗಲಿ, ನೆಂಟರೋ ಗೆಳೆಯರೋ ಇರುವ ಯಾವ ಸಣ್ಣ ಪೇಟೆಯಾದರೂ ಸರಿ. ಮಕ್ಕಳ ಕೈಯಲ್ಲಿ ಹಣ ಕೊಟ್ಟು ಅಂಗಡಿಗೆ ಅವರನ್ನೇ ಕಳುಹಿಸಿರಿ. ನೀವು ಹಿಂದೆ ನಿಲ್ಲಿರಿ. ನಮ್ಮ ಶಾಲೆಗಳ ಅಧ್ಯಯನ ಪ್ರವಾಸಗಳೂ ಹೀಗೆಯೇ ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಆಗಬಹುದು; ನೀರಾಟದ ತೋಟಗಳಿಗೆ ಹೋಗುವುದು ಇದ್ದೇ ಇದೆ. ಇನ್ನು ಕರ್ನಾಟಕ ಸರಕಾರಕ್ಕೆ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೆಂಬುದೊಂದು ಇದೆ. ಗಡಿನಾಡಿನ ಉತ್ಸವಗಳಿಗೆ, ಶಾಲು ಹಾರಗಳಿಗೆ ಹಣ ಹರಿಯುವುದನ್ನು ನಾವು ಬಲ್ಲೆವು. ಆ ಶಾಲುಗಳಲ್ಲಿ ಒಂದೆರಡು ನಮ್ಮ ಕಪಾಟಿನಲ್ಲಿಯೂ ಇವೆ. ಅದರ ಒಂದು ಪಾಲಿನಿಂದ ಪ್ರತಿವರ್ಷ ನೂರು ಮಕ್ಕಳು ಮಲೆನಾಡಿನ ಮನೆಗಳಲ್ಲಿ ಒಂದು ವಾರ ಉಂಡು ಮಲಗಿ ಬರುವಂತೆ, ಅಲ್ಲಿಯ ನೂರು ಮಕ್ಕಳು ನಮ್ಮಲ್ಲಿಗೆ ಬರುವಂತೆ ಮಾಡಿದರೆ ಹೇಗೆ? ಸಂಘ ಸಂಸ್ಥೆಗಳವರು ಇದನ್ನು ಯೋಚಿಸಬೇಕಾಗಿ ವಿನಂತಿ.

ಇಂಗ್ಲಿಷ್ ಡಿವಿಜನ್ನಿನ ಮಾತನ್ನು ಮಗಳು ಆಮೇಲೆ ಎತ್ತಿಲ್ಲ. ನಾವೂ ಕೆದಕಲಿಲ್ಲ. ಜೂನ್ ತಿಂಗಳು ಬಂದಾಗ ಏನು ಹೇಳುತ್ತಾಳೋ ನೋಡಬೇಕು.

ಗೆಳೆಯರ ಮನೆಯವರು ಬೇಸಗೆ ರಜೆಯಲ್ಲಿ ನಮ್ಮಲ್ಲಿಗೆ ಬರುವುದೆಂದು ನಿಶ್ಚಯವಾಗಿದೆ. ಅವರ ಮಗನಿಗೆ ಬೇಕಲ ತೋರಿಸಬೇಕು, ಮಧೂರು, ಕುಂಬಳೆ, ಹೊಳೆ ಕಡಲಿಗೆ ಸೇರುವ ಜಾಗ, ಸಂಜೆಯ ಕಾಲ್ಚೆಂಡು ಎಂದು ಮಗಳು ಈಗಲೇ ಪಟ್ಟಿ ಮಾಡಿ ಕಾಗದ ಹಾಕಿದ್ದಾಳೆ. ಕಾಗದದ ಕೊನೆಗೆ ಎರಡು ಹೆಸರುಗಳನ್ನು ಮಲಯಾಳದ ಅಕ್ಷರಗಳಲ್ಲಿ ದಪ್ಪಗೆ ಬರೆದು ಪೆಟ್ಟಿಗೆ ಹಾಕಿದ್ದಾಳೆ. ಅದರ ಕೆಳಗೆ ಕನ್ನಡದಲ್ಲಿ: "ಮೇಲಿನದ್ದು ಕುಂಬಳೆ, ಕೆಳಗಿನದ್ದು ಕಾಸರಗೋಡು. ಬಸ್ಸಿನಲ್ಲಿ ಹೀಗೆ ಬರೆದಿರ್ತದೆ. ಈ ಚೀಟಿ ಹಿಡ್ಕೊಂಡು ನೋಡಿ ಹತ್ತು. ತಿಳಿಯದಿದ್ರೆ ಯಾರನ್ನಾದ್ರೂ ಕನ್ನಡದಲ್ಲೇ ಕೇಳು, ಹೇಳ್ತಾರೆ."